ಕಾಣುವ ಕುಂಡ, ಕಾಣಬಾರದ ಬೇರು

ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಟೆಲಿನ ಪಾರ್ಸೆಲ್ ಡಬ್ಬಿ, ನೀರಿನ ಬಾಟಲಿ, ಕೇಕಿನ ಡಬ್ಬಿ, ಎಣ್ಣೆ ಕ್ಯಾನು. ಇವು ಖಾಲಿಯಾದ ಮೇಲೆ ಗಿಡ ಬೆಳೆಸಲು ಬರುತ್ತವೆಯೇ ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಒಂದೇ ಬಗೆಯವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಉಪ್ಪಿನಕಾಯಿಯ ಪ್ಲಾಸ್ಟಿಕ್ ಭರಣಿಗಳಲ್ಲಿ ಪುದೀನ, ಕೊತ್ತಂಬರಿ ಹಾಕಿದ್ದೇನೆ. ಒಂದು ತಿಂಗಳಲ್ಲಿ ಒಳಗೋಡೆಗೆಲ್ಲ ಹಸಿರು ಹತ್ತಿದೆ. ಗುಂಗುರಿನಂಥ ಸಣ್ಣ ಕಪ್ಪು ಹುಳ ಹಾರಾಡುತ್ತಿವೆ. ಗಿಡ ಬೆಳೆಯುತ್ತಿಲ್ಲ. ಆ ಹಸಿರು ವಿಷವೇ?
(ಓದುಗರು, ತುಮಕೂರು)

ವಿಷವಲ್ಲ, ಪಾಚಿ. ಬೆಳಕು, ನೀರು, ಗೊಬ್ಬರದ ಸಾರ ಮೂರೂ ಸಿಕ್ಕಿದ ಕಡೆ ಪಾಚಿ ಬೆಳೆಯುತ್ತದೆ. ಮಣ್ಣಿನ ಕುಂಡದಲ್ಲಿ ಬೆಳಕು ಸಿಗುವುದು ಮೇಲ್ಮೈಯಲ್ಲಿ ಮಾತ್ರ. ನಿಮ್ಮ ಪಾರದರ್ಶಕ ಭರಣಿಯಲ್ಲಿ ಗೋಡೆಯ ಉದ್ದಕ್ಕೂ ಸಿಗುತ್ತಿದೆ. ಗಿಡಕ್ಕೆ ಹಾಕಿದ ಗೊಬ್ಬರದಲ್ಲಿ ಪಾಚಿ ಸ್ವಲ್ಪ ಪಾಲು ತಿನ್ನುತ್ತದೆ, ನಿಜ. ಆದರೆ ಗಿಡ ಕುಗ್ಗಲು ಅದೊಂದೇ ಕಾರಣವಲ್ಲ. ಹೆಚ್ಚಿನ ಗಿಡಗಳ ಬೇರು ಬೆಳಕಿನಿಂದ ದೂರ ಸರಿಯುತ್ತವೆ. ಗೋಡೆಯ ಹತ್ತಿರ ಬರಬೇಕಾದ ಎಳೆ ಬೇರುಗಳು ನಡುವಿಗೇ ಮುದುಡಿಕೊಂಡರೆ ಒಂದು ಲೀಟರ್ ಮಣ್ಣಿದ್ದರೂ ಗಿಡ ಅದರ ಅರ್ಧವನ್ನೂ ಬಳಸಿಕೊಳ್ಳುವುದಿಲ್ಲ. ಇದರ ಜೊತೆಗೆ, ನೇರ ಬಿಸಿಲು ಬೀಳುವ ಬದಿಯಲ್ಲಿ ಗೋಡೆಗೆ ತಾಗಿದ ಮಣ್ಣು ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕಾಯುತ್ತದೆ. ಆ ಬದಿಯ ಎಳೆ ಬೇರು ಬೆಂದೇ ಹೋಗುತ್ತದೆ.

ಪರಿಹಾರ ಸುಲಭ: ಗೋಡೆ ಮುಚ್ಚಿ. ನಮ್ಮ ಮೊದಲ ಆಯ್ಕೆ ಹಳೆಯ ಗೋಣಿತಾಟು. ಭರಣಿಯ ಸುತ್ತಳತೆಯ ಎರಡರಷ್ಟಕ್ಕಿಂತ 3 ಸೆಂ.ಮೀ. ಹೆಚ್ಚು ಕತ್ತರಿಸಿ, ಎರಡು ಸುತ್ತು ಸುತ್ತಿ ಹುರಿಯಿಂದ ಕಟ್ಟಿ. ಒಂದೇ ಸುತ್ತಾದರೆ ನೇಯ್ಗೆಯ ಸಂದಿಯಲ್ಲಿ ಬೆಳಕು ನುಸುಳುತ್ತದೆ. ಮಲೆನಾಡಿನವರಾದರೆ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಸುತ್ತಬಹುದು. ಅದು ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಒಣಗಿದ ಬಾಳೆಪಟ್ಟೆಯೂ ಆದೀತು. ಕಟ್ಟುವಾಗ ಗಂಟು ಬಿಚ್ಚುವಂತಿರಲಿ. ತಾಟು ಸರಿಸಿ ಬೇರು ನೋಡಬಹುದು ಎಂಬುದೇ ಪಾರದರ್ಶಕ ಡಬ್ಬಿಯ ದೊಡ್ಡ ಲಾಭ. ಮೇಲ್ಮಣ್ಣು ಒಣಗಿದ್ದು ಕಂಡು ನೀರು ಹಾಕುವವರು, ಕೆಳಗೆ ಇನ್ನೂ ಕೆಸರಿರುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಬಣ್ಣ ಬಳಿಯುವುದು ಎರಡನೆಯ ದಾರಿ. ನಯವಾದ ಪ್ಲಾಸ್ಟಿಕ್ಕಿಗೆ ನೇರವಾಗಿ ಬಳಿದ ಬಣ್ಣ ಎರಡು ಮಳೆಗೆ ಸಿಪ್ಪೆ ಎದ್ದುಬಿಡುತ್ತದೆ. 220 ನಂಬರಿನ ಮರಳು ಕಾಗದದಿಂದ ಉಜ್ಜಿ, ಒರೆಸಿ, ಮೊದಲು ಕಪ್ಪು, ಅದರ ಮೇಲೆ ಬಿಳಿ ಬಳಿಯಬೇಕು. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಬರೀ ಕಪ್ಪು ಬಳಿದಿರೋ, ಬೇಸಿಗೆಯಲ್ಲಿ ಅದು ಒಲೆಯ ಮೇಲಿನ ಪಾತ್ರೆಯೇ.

ಹಾರುವ ಹುಳಗಳಿಗೆ ಪಾಚಿಗಿಂತ ಸದಾ ಒದ್ದೆಯಿರುವ ಮೇಲ್ಮಣ್ಣು ಇಷ್ಟ. ಅವುಗಳ ಮರಿ ಇರುವುದು ಮೇಲಿನ 2–3 ಸೆಂ.ಮೀ. ಮಣ್ಣಿನಲ್ಲೇ. ಅಷ್ಟು ಒಣಗುವವರೆಗೆ ನೀರು ಹಾಕಬೇಡಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಗಿಡದ ಪಕ್ಕ ನಿಲ್ಲಿಸಿದರೆ ದೊಡ್ಡವು ಅಂಟಿಕೊಳ್ಳುತ್ತವೆ. ಇವೆರಡನ್ನೂ ಮೂರು ವಾರ ಬಿಡದೆ ಮಾಡಿದರೆ ಕಾಟ ಇಳಿಯುತ್ತದೆ. ಈಗಾಗಲೇ ಹತ್ತಿರುವ ಪಾಚಿಯನ್ನು ಕೆರೆಯಲು ಹೋಗಿ ಬೇರು ಕೆಡಿಸಬೇಡಿ. ಕತ್ತಲಾದರೆ ಅದೇ ಕಂದಾಗಿ ಸಾಯುತ್ತದೆ.

ಇನ್ನು ಕೊತ್ತಂಬರಿಯ ಮಾತು ಬೇರೆ. ಅದರದು ನೇರ ತಾಯಿಬೇರು, 12–15 ಸೆಂ.ಮೀ. ಆಳ ಬೇಕು. ನಿಮ್ಮ ಭರಣಿ ಅದಕ್ಕಿಂತ ಗಿಡ್ಡವಿದ್ದರೆ ಗೋಡೆ ಮುಚ್ಚಿದರೂ ಅದು ಏಳಿಗೆಯಾಗದು. ಪುದೀನಕ್ಕೆ ಆಳಕ್ಕಿಂತ ಅಗಲ ಮುಖ್ಯ. ಅದನ್ನು ಭರಣಿಯಿಂದ ತೆಗೆದು ಅಗಲವಾದ ಡಬ್ಬಿಗೆ ಹಾಕಿ.

ಪ್ರಶ್ನೆ: ಕೇಕಿನ ಡಬ್ಬಿಗೆ ತೂತು ಹಾಕಾಕ ಹೋದ್ರ ಪಟ್ ಅಂತ ಸೀಳಿ ಹೋಗ್ತದ. ಹೆಂಗ ಮಾಡಬೇಕ್ರಿ?
(ಓದುಗರು, ಧಾರವಾಡ)

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ಮೊದಲು ಅದನ್ನು ನೋಡಿ. 6 ಎಂದಿದ್ದರೆ ಅದು ಪಾಲಿಸ್ಟೈರೀನ್. ಗಾಜಿನಂತೆ ಹೊಳೆಯುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಡ್ರಿಲ್, ಕತ್ತರಿ, ಚಾಕು ಯಾವುದನ್ನೂ ಅದು ತಾಳದು. 1 ಎಂದಿದ್ದರೆ ಪೆಟ್, ಅಂದರೆ ನೀರಿನ ಬಾಟಲಿಯ ಜಾತಿ. ಬಾಗುತ್ತದೆ, ಬೇಗ ಸೀಳುವುದಿಲ್ಲ. 5 ಎಂದಿದ್ದರೆ ಪಾಲಿಪ್ರೊಪಿಲೀನ್. ಸಾರು, ಪಲ್ಯ ತುಂಬಿ ಕೊಡುವ, ಸ್ವಲ್ಪ ಮಸುಕಾದ ಪಾರ್ಸೆಲ್ ಡಬ್ಬಿಗಳು ಹೆಚ್ಚಾಗಿ ಇದೇ. ಕುಂಡಕ್ಕೆ 1 ಮತ್ತು 5 ಸಾಕು. 6ರದ್ದನ್ನು ಬೀಜ ಮೊಳೆಸುವಾಗ ಮೇಲ್ಮುಚ್ಚಳವಾಗಿ ಬಳಸಿ. ಅಲ್ಲಿ ತೂತೇ ಬೇಡ.

ತೂತನ್ನು ಕೊರೆಯಬೇಡಿ, ಸುಡಿ. 4–5 ಮಿ.ಮೀ. ದಪ್ಪದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಅರ್ಧ ನಿಮಿಷ ಕಾಯಿಸಿ. ಡಬ್ಬಿಯನ್ನು ಬೋರಲು ಮಾಡಿ, ಒಳಗೆ ಮರದ ತುಂಡಿನ ಆಸರೆ ಕೊಟ್ಟು, ಮೊಳೆಯನ್ನು ಒತ್ತದೆ ಸುಮ್ಮನೆ ತಾಗಿಸಿ. ತೂತಿನ ಅಂಚು ಕರಗಿ ದಪ್ಪ ಬಳೆಯಂತಾಗುತ್ತದೆ, ಅದರಿಂದಲೇ ಮುಂದೆ ಸೀಳು ಓಡುವುದಿಲ್ಲ. ಎರಡು ಮೂರು ತೂತಿಗೊಮ್ಮೆ ಮತ್ತೆ ಕಾಯಿಸಿ. ತಣ್ಣಗಾದ ಮೊಳೆಯನ್ನು ಒತ್ತಿದಾಗಲೇ ಡಬ್ಬಿ ಒಡೆಯುವುದು. ರೇಡಿಯೋ ರಿಪೇರಿಗೆ ಬಳಸುವ ಸೋಲ್ಡರಿಂಗ್ ಕಡ್ಡಿ ಇದ್ದರೆ ಇನ್ನೂ ಸಲೀಸು. ಹೊಗೆ ಒಳ್ಳೆಯದಲ್ಲ, ತಾರಸಿಯಲ್ಲೋ ಅಂಗಳದಲ್ಲೋ ಕೂತು ಮಾಡಿ.

ಅರ್ಧ ಲೀಟರ್ ಡಬ್ಬಿಗೆ ತಳದಲ್ಲಿ 5, ಒಂದು ಲೀಟರಿಗೆ 8 ತೂತು. ತಳ ಚಪ್ಪಟೆಯಿದ್ದರೆ ನೆಲಕ್ಕೆ ಅಂಟಿ ತೂತು ಮುಚ್ಚಿಹೋಗುತ್ತದೆ. ಹಾಗಾಗಿ ಪಕ್ಕದ ಗೋಡೆಯಲ್ಲಿ, ತಳದಿಂದ 1 ಸೆಂ.ಮೀ. ಮೇಲೆ ಇನ್ನೂ ನಾಲ್ಕು ಹಾಕಿ. ಇನ್ನೊಂದು ಎಚ್ಚರಿಕೆ: ಪೆಟ್ ಬಾಟಲಿಯನ್ನು ಕುದಿವ ನೀರಿನಲ್ಲಿ ತೊಳೆಯಬೇಡಿ, 70 ಡಿಗ್ರಿ ದಾಟಿದರೆ ಅದು ಮುದುಡಿಬಿಡುತ್ತದೆ.

ಪ್ರಶ್ನೆ: ಪಾರ್ಸೆಲ್ ಡಬ್ಬಿಯಲ್ಲಿ ಮೆಂತ್ಯ ಹಾಕುವಾಗ ನೀರು ಬಸಿಯಲೆಂದು ತಳಕ್ಕೆ ಒಂದಿಂಚು ಜಲ್ಲಿ ಹಾಸಿದ್ದೆ. ಆದರೂ ಬೇರು ಕೊಳೆಯಿತು.
(ಓದುಗರು, ಮೈಸೂರು)

ಜಲ್ಲಿ ಹಾಸಿದ್ದಕ್ಕೇ ಕೊಳೆಯಿತು ಎಂದರೆ ನಂಬುತ್ತೀರಾ? ಪಾತ್ರೆ ತೊಳೆಯುವ ಹೊಸ ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಮಣ್ಣೂ ಹೀಗೆಯೇ. ನೀರು ಬಸಿದ ಮೇಲೂ ತಳದಲ್ಲಿ ಒಂದು ಪದರ ತೊಯ್ದೇ ಇರುತ್ತದೆ, ಅದರ ದಪ್ಪ ಮಣ್ಣಿನ ಕಣದ ಗಾತ್ರಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಕುಂಡದ ಎತ್ತರಕ್ಕಲ್ಲ. 30 ಸೆಂ.ಮೀ. ಕುಂಡದಲ್ಲಿ ಆ ಪದರ ಕೆಳಗೆಲ್ಲೋ ಉಳಿಯುತ್ತದೆ. 6 ಸೆಂ.ಮೀ. ಡಬ್ಬಿಯಲ್ಲಿ ಅರ್ಧ ಮಣ್ಣು ಅದೇ ಆಗಿಬಿಡುತ್ತದೆ. ಜಲ್ಲಿ ಹಾಸಿದಾಗ ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿಗೆ ನೀರು ಸುಲಭವಾಗಿ ಇಳಿಯದೆ ಆ ಪದರ ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಒಂದಿಂಚು ಜಲ್ಲಿ ಹಾಕಿ ನೀವು ಕೆಸರನ್ನು ಬೇರಿನ ಹತ್ತಿರಕ್ಕೆ ಒಂದಿಂಚು ಎತ್ತಿದಿರಿ.

ಜಲ್ಲಿ ತೆಗೆದುಬಿಡಿ. ತೂತಿನಿಂದ ಮಣ್ಣು ಸೋರದಂತೆ ಹಳೆ ಸೊಳ್ಳೆಪರದೆಯ ಒಂದು ತುಂಡು ಹಾಸಿದರೆ ಸಾಕು. ಮಣ್ಣನ್ನು ಹಗುರ ಮಾಡಿ: ತೆಂಗಿನ ನಾರಿನ ಪುಡಿ 2 ಪಾಲು, ಎರೆಗೊಬ್ಬರ 1 ಪಾಲು, ಕೆಮ್ಮಣ್ಣು 1 ಪಾಲು, ದಪ್ಪ ಮರಳು ಅರ್ಧ ಪಾಲು. ಬರೀ ಕೆಮ್ಮಣ್ಣು ತುಂಬಿದರೆ ಪ್ಲಾಸ್ಟಿಕ್ಕಿನಲ್ಲಿ ಅದು ಇಟ್ಟಿಗೆಯಾಗುತ್ತದೆ. ಮಣ್ಣಿನ ಕುಂಡದಂತೆ ಇದರ ಗೋಡೆ ಉಸಿರಾಡುವುದಿಲ್ಲ, ಒಳಗಿನ ತೇವಕ್ಕೆ ತೂತು ಮತ್ತು ಮೇಲ್ಮೈ ಬಿಟ್ಟರೆ ಬೇರೆ ದಾರಿಯಿಲ್ಲ. 17×12 ಸೆಂ.ಮೀ. ಡಬ್ಬಿಗೆ ಒಂದು ಟೀ ಚಮಚ ಮೆಂತ್ಯ ಸಾಕು. ರಾತ್ರಿ ನೆನೆಸಿ ಹಾಕಿದರೆ 3–4 ದಿನಕ್ಕೆ ಮೊಳಕೆ, ಮೂರು ನಾಲ್ಕು ವಾರಕ್ಕೆ ಕೊಯ್ಲು.

ಇಷ್ಟೆಲ್ಲ ಬೇಡ, ಡಬ್ಬಿ ಗಿಡ್ಡವೇ, ತೇವ ನಿಲ್ಲುವುದೂ ಖಂಡಿತವೇ ಎನ್ನುವವರು ಒಂದೆಲಗ ಹಾಕಿ. ಗದ್ದೆಯ ಬದುವಿನ ಆ ಗಿಡಕ್ಕೆ ಬೇಕಾದದ್ದೇ ಒದ್ದೆ ನೆಲ. ಗಂಟಿರುವ ಬಳ್ಳಿಯ ಎರಡು ತುಂಡು ನೆಟ್ಟರೆ ಒಂದೂವರೆ ತಿಂಗಳಲ್ಲಿ ಡಬ್ಬಿ ತುಂಬುತ್ತದೆ. ತಂಬುಳಿಗೆ ಆಗುವಷ್ಟು ಎಲೆ ಮನೆಯಲ್ಲೇ.

ಪ್ರಶ್ನೆ: ತಿಂಗಳಿಗೊಮ್ಮೆ ನಾಲ್ಕೈದು ದಿನ ಊರಿಗೆ ಹೋಗುತ್ತೇವೆ. ಬಾಟಲಿ ಕತ್ತರಿಸಿ ಬತ್ತಿ ಇಟ್ಟು ತಾನಾಗಿ ನೀರು ಕುಡಿಯುವ ಕುಂಡ ಮಾಡಿದೆ. ಎರಡೇ ತಿಂಗಳಲ್ಲಿ ದೊಡ್ಡಪತ್ರೆ ಬಾಡಿತು, ಕೆಳಗೆ ನೀರಿದೆ! ಎಲ್ಲಿ ತಪ್ಪಿತು?
(ಓದುಗರು, ಮಂಗಳೂರು)

ಬತ್ತಿ ಕೊಳೆತಿದೆ. ಹತ್ತಿಯ ಬತ್ತಿ ಸದಾ ನೀರಿನಲ್ಲಿದ್ದರೆ ಎರಡು ಮೂರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಮೇಲಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ, ಮುಚ್ಚಳದ ತೂತಿನಲ್ಲಿ ತುಂಡಾಗಿರುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಹಳೆ ಟೀ ಶರ್ಟಿನ ಪಟ್ಟಿ ಇದಕ್ಕಿಂತ ಹೆಚ್ಚು ಕಾಲ ಬರುತ್ತದೆ.

ಮತ್ತೆ ಮಾಡುವಾಗ ಅಳತೆ ಹೀಗಿರಲಿ. 2 ಲೀಟರ್ ಬಾಟಲಿಯನ್ನು ತಳದಿಂದ 20 ಸೆಂ.ಮೀ. ಎತ್ತರದಲ್ಲಿ ಕತ್ತರಿಸಿ. ಮುಚ್ಚಳದ ನಡುವೆ 8 ಮಿ.ಮೀ. ತೂತು ಸುಡಿ. ಪೆನ್ಸಿಲ್ ದಪ್ಪದ, 25 ಸೆಂ.ಮೀ. ಉದ್ದದ ಬತ್ತಿಯನ್ನು ಮೊದಲೇ ನೀರಲ್ಲಿ ಹಿಂಡಿ ನೆನೆಸಿ ತೂರಿಸಿ. ಒಣ ಬತ್ತಿ ನೀರೆಳೆಯಲು ಶುರುಮಾಡುವುದೇ ಇಲ್ಲ. ಮೇಲ್ಭಾಗವನ್ನು ಬೋರಲಾಗಿ ಕೆಳಭಾಗದಲ್ಲಿ ಕೂರಿಸಿ. ಬಿಗಿಯಾದರೆ ಕೆಳಭಾಗದ ಅಂಚಿಗೆ 2 ಸೆಂ.ಮೀ. ಸೀಳು ಕೊಡಿ. ಬತ್ತಿಯ ಅರ್ಧವನ್ನು ಮಣ್ಣಿನೊಳಗೆ ಸುರುಳಿ ಹರಡಿ, ನೆಟ್ಟಗೆ ಒಂದೇ ಕಡೆ ನಿಲ್ಲಿಸಬೇಡಿ. ನೀರಿನ ಮಟ್ಟ ಮುಚ್ಚಳಕ್ಕಿಂತ 1–2 ಸೆಂ.ಮೀ. ಕೆಳಗಿರಬೇಕು, ಬೇರಿಗೆ ಗಾಳಿ ಬೇಕಲ್ಲ. ಹಾಗಾಗಿ ಕೆಳಗೆ ಹಿಡಿಯುವುದು ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ದೊಡ್ಡಪತ್ರೆಗೆ ಐದು ದಿನಕ್ಕೆ ಅದು ಬೇಕಾದಷ್ಟಾಯಿತು, ಕಾಯಿ ಬಿಟ್ಟ ಟೊಮೆಟೊಗೆ ಬೇಸಿಗೆಯಲ್ಲಿ ಒಂದು ದಿನಕ್ಕೂ ಸಾಲದು. ಮಣ್ಣಿನಲ್ಲಿ ನಾರಿನ ಪುಡಿ ಅರ್ಧಕ್ಕಿಂತ ಹೆಚ್ಚಿರಲಿ.

ನಿಮ್ಮೂರಿನ ಮಳೆಗೆ ಇದು ಹೊರಗಿದ್ದರೆ ಒಂದೇ ದಿನದಲ್ಲಿ ಕೆಳಗಿನ ನೀರು ಏರಿ ಬೇರು ಮುಳುಗುತ್ತದೆ. ತಳದಿಂದ 6 ಸೆಂ.ಮೀ. ಎತ್ತರದಲ್ಲಿ ಒಂದು ತೂತು ಹಾಕಿ, ಅದರ ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿ. ಕಟ್ಟುವುದನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟು ನೀರು ಧಾರಾಳ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನ ಗೋಡೆಯಲ್ಲಿ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. 2024ರಲ್ಲಿ ಬಂದ ನಿಯಮದಂತೆ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ ದಂಡವೂ ಇದೆ.

ಕೊಳವೆಬಾವಿಯ ಗಡಸು ನೀರು ಬಳಸುವವರಿಗೆ ಇನ್ನೊಂದು ಕಾಟ. ಬತ್ತಿ ನೀರನ್ನು ಮೇಲೇರಿಸುತ್ತಲೇ ಇರುತ್ತದೆ, ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲಿ ಬಿಳಿ ಹೊಟ್ಟಿನಂತೆ ಉಳಿಯುತ್ತದೆ. ತಿಂಗಳಿಗೊಮ್ಮೆ ಮೇಲ್ಭಾಗವನ್ನು ಹೊರತೆಗೆದು, ಮೇಲಿನಿಂದ ಒಂದು ಲೀಟರ್ ನೀರು ನಿಧಾನವಾಗಿ ಹುಯ್ದು ಬಸಿಯಲು ಬಿಡಿ.

ಪ್ರಶ್ನೆ: ಅಂಗಡಿಯಿಂದ ತಂದ ಆರ್ಕಿಡ್ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲೇ ಇದೆ. ಬೆಳಕು ಬೇರಿಗೆ ಆಗದು ಎಂದು ಕೇಳಿದ್ದೆ. ಬದಲಿಸಲೇ?
(ಓದುಗರು, ಶಿರಸಿ)

ಬೇಡ. ಇದೊಂದು ಗಿಡಕ್ಕೆ ಮಾತ್ರ ಮೇಲಿನ ಮಾತೆಲ್ಲ ತಿರುಗುಮುರುಗು. ನೀವು ತಂದದ್ದು ಬಹುಶಃ ಫಲೇನಾಪ್ಸಿಸ್. ಮರದ ಮೇಲೆ ಗಾಳಿಗೆ ಬೇರು ಬಿಟ್ಟು ಬದುಕುವ ಜಾತಿ, ಅದರ ಬೇರಿನಲ್ಲೂ ಹಸಿರಿದೆ, ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತದೆ. ನೀರು ಯಾವಾಗ ಹಾಕಬೇಕೆಂದೂ ಬೇರೇ ಹೇಳುತ್ತದೆ: ಹಸಿರಾಗಿದ್ದರೆ ತೇವವಿದೆ, ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ. ಕಂದು ಬಣ್ಣವಾಗಿ, ಒತ್ತಿದರೆ ಪಿಚಕ್ಕೆಂದರೆ ಕೊಳೆತಿದೆ, ಕತ್ತರಿಸಿ ತೆಗೆಯಿರಿ.

ಕುಂಡ ಚಿಕ್ಕದಾದಾಗ ಒಂದು ಲೀಟರ್ ಪೆಟ್ ಡಬ್ಬಿಗೆ ಸಾಗಿಸಬಹುದು. ತಳದಲ್ಲಿ 8, ಗೋಡೆಯಲ್ಲಿ ಕನಿಷ್ಠ 12 ತೂತು. ಮಣ್ಣು ಮಾತ್ರ ಹಾಕಬೇಡಿ. 2–3 ಸೆಂ.ಮೀ. ಗಾತ್ರದ ತೆಂಗಿನ ಸಿಪ್ಪೆಯ ತುಂಡು ಮತ್ತು ಇದ್ದಿಲು ಸಮಸಮ. ಸಿಪ್ಪೆಯನ್ನು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಅದರ ಕಂದು ರಸ ಮತ್ತು ಉಪ್ಪು ಹೋಗಲಿ. ಡಬ್ಬಿಗೆ ಕಿಟಕಿಯ ಸೋಸಿದ ಬೆಳಕು ಸಾಕು, ನೇರ ಬಿಸಿಲು ಬೇಡ.

ನಿಮ್ಮ ಕಡೆಯ ಕಾಡು ಆರ್ಕಿಡ್ ಸೀತಾಳೆ ದಂಡೆಗೆ ಡಬ್ಬಿಯೂ ಬೇಡ, ಕುಂಡವೂ ಬೇಡ. ಅದನ್ನು ಮರದ ಕೊರಡಿಗೆ ಕಟ್ಟಿ ನೇತುಹಾಕುವುದೇ ಸರಿ. ಕಾಡಿನಿಂದ ಕಿತ್ತು ತರುವ ಯೋಚನೆಯೂ ಬೇಡ.

ಪ್ರಶ್ನೆ: ಮುಚ್ಚಳವಿರುವ ಡಬ್ಬಿಯಲ್ಲಿ ಮೆಣಸಿನಕಾಯಿ, ಟೊಮೆಟೊ ಬೀಜ ಹಾಕಿದ್ದೆ. ಚೆನ್ನಾಗಿ ಮೊಳೆತವು. ವಾರದಲ್ಲಿ ಕುತ್ತಿಗೆ ಮುರಿದಂತೆ ಒಂದೊಂದೇ ಬಿದ್ದವು.
(ಓದುಗರು, ದಾವಣಗೆರೆ)

ಮುಚ್ಚಳ ತೆಗೆಯುವುದು ತಡವಾಗಿದೆ. ಮೊಳೆಯುವವರೆಗೆ ಮುಚ್ಚಳ ಉಪಕಾರಿ, ಮೊಳೆತ ಮರುಗಳಿಗೆಯಿಂದ ಅದೇ ಶತ್ರು. ನಿಂತ ಗಾಳಿ, ಒದ್ದೆ ಮಣ್ಣು ಇದ್ದರೆ ಶಿಲೀಂಧ್ರ ಸಸಿಯ ಕಾಂಡವನ್ನು ಮಣ್ಣಿನ ಮಟ್ಟದಲ್ಲೇ ಹಿಡಿಯುತ್ತದೆ. ಅದು ಸಸಿ ಕೊಳೆ ರೋಗ. ಬಿದ್ದ ಸಸಿಗೆ ಮದ್ದಿಲ್ಲ.

ಅರ್ಧದಷ್ಟು ಬೀಜ ಮೊಳೆತ ದಿನವೇ ಮುಚ್ಚಳ ಓರೆಯಾಗಿಡಿ, ಮರುದಿನ ಪೂರ್ತಿ ತೆಗೆಯಿರಿ. ಉಳಿದ ಬೀಜ ತಮ್ಮ ಪಾಡಿಗೆ ಬರುತ್ತವೆ. ಟೊಮೆಟೊ 5–8 ದಿನಕ್ಕೆ ಮೊಳೆತರೆ ಮೆಣಸಿನಕಾಯಿ 8–12 ದಿನ ತೆಗೆದುಕೊಳ್ಳುತ್ತದೆ, ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದ್ದರೆ ಮುಚ್ಚಳದ ಲೆಕ್ಕ ತಪ್ಪುವುದು ಅಲ್ಲಿಯೇ. ಮುಚ್ಚಿದ ಡಬ್ಬಿಯನ್ನು ಬಿಸಿಲಿನಲ್ಲಿ ಇಡಬೇಡಿ. ನೀರನ್ನು ಮೇಲಿನಿಂದ ಹುಯ್ಯುವ ಬದಲು ಡಬ್ಬಿಯನ್ನು ತಟ್ಟೆಯ ನೀರಿನಲ್ಲಿ ಹತ್ತು ನಿಮಿಷ ಕೂರಿಸಿ ಎತ್ತಿ. ಹೋದ ಸಲದ ಮಣ್ಣನ್ನು ಬೀಜಕ್ಕೆ ಮತ್ತೆ ಬಳಸಬೇಡಿ, ಡಬ್ಬಿಯನ್ನು ಸೋಪಿನಿಂದ ತೊಳೆದು ಒಣಗಿಸಿ.

ಪ್ರಶ್ನೆ: 5 ಲೀಟರಿನ ಅಡುಗೆ ಎಣ್ಣೆ ಕ್ಯಾನಿನಲ್ಲಿ ಟೊಮೆಟೊ ಬೆಳೆಯಬಹುದೇ? ಪ್ಲಾಸ್ಟಿಕ್ಕಿನಲ್ಲಿ ಬೆಳೆದದ್ದು ತಿನ್ನಬಹುದೇ?
(ಓದುಗರು, ಬೆಂಗಳೂರು)

ಟೊಮೆಟೊಗೆ 5 ಲೀಟರ್ ಸಾಲದು, 10 ಬೇಕು. ಮೆಣಸಿನಕಾಯಿ ಒಂದು ಗಿಡ ಆದೀತು. ಎಣ್ಣೆಯ ಜಿಡ್ಡು ಉಳಿದರೆ ಮಣ್ಣಿಗೆ ನೀರು ಹತ್ತುವುದಿಲ್ಲ, ವಾಸನೆಗೆ ಇರುವೆ, ಇಲಿ ಬರುತ್ತವೆ. ಸೀಗೆಪುಡಿಯೋ ಪಾತ್ರೆ ಸೋಪೋ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ಕುಲುಕಿ ತೊಳೆಯಿರಿ. ಆಹಾರ ತುಂಬಿ ಬಂದ 1 ಮತ್ತು 5ರ ಡಬ್ಬಿಗಳಲ್ಲಿ ಸೊಪ್ಪು, ತರಕಾರಿ ಬೆಳೆಯಲು ಅಂಜಬೇಕಿಲ್ಲ. ಕೀಟನಾಶಕ, ಬಣ್ಣ, ಫಿನೈಲ್, ಆಸಿಡ್ ಇದ್ದದ್ದನ್ನು ಎಷ್ಟೇ ತೊಳೆದರೂ ಬೇಡ.

ಪ್ರಶ್ನೆ: ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಡಬ್ಬಿಗಳು ಕೈಯಲ್ಲೇ ಪುಡಿಯಾಗುತ್ತವೆ. ಯಾಕೆ?
(ಓದುಗರು, ಬಳ್ಳಾರಿ)

ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಗಿಡದ ಕುಂಡವೆಂದೇ ಮಾರುವ ಪ್ಲಾಸ್ಟಿಕ್ಕಿಗೆ ಅದನ್ನು ತಡೆಯುವ ವಸ್ತು ಬೆರೆಸಿರುತ್ತಾರೆ, ಒಂದು ಊಟಕ್ಕೆಂದು ಮಾಡಿದ ಡಬ್ಬಿಗೆ ಯಾರು ಬೆರೆಸುತ್ತಾರೆ? 5ರ ಪಾರ್ಸೆಲ್ ಡಬ್ಬಿ ಇದರಲ್ಲಿ ಬಲು ದುರ್ಬಲ, ಬಳ್ಳಾರಿಯಂಥ ಬಿಸಿಲಿಗೆ ಕೆಲವು ತಿಂಗಳು ಬಂದರೆ ಹೆಚ್ಚು. ಪೆಟ್ ಅದಕ್ಕಿಂತ ವಾಸಿ. ತಾರಸಿಗೆ ಪೆಟ್, ಒಳಗಿನ ಕಿಟಕಿಗೆ ಪಾರ್ಸೆಲ್ ಡಬ್ಬಿ ಎಂದು ಹಂಚಿಬಿಡಿ. ಗೋಣಿ ಸುತ್ತಿದ್ದಕ್ಕೆ ಆಯಸ್ಸು ಇನ್ನೂ ಹೆಚ್ಚು.

ತಿಂಗಳಿಗೊಮ್ಮೆ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಾಗಿದರೆ ಸರಿ. ಚಟ್ ಎಂದರೆ ಅಂದೇ ಗಿಡ ಬದಲಿಸಿ. ಇನ್ನೊಂದು ವಾರ ನೋಡೋಣ ಎಂದರೆ ಚೂರುಗಳು ಮಣ್ಣಿಗೆ ಬೀಳುತ್ತವೆ, ಆಮೇಲೆ ಹೆಕ್ಕಲು ಸಾಧ್ಯವಿಲ್ಲ. ತೆಗೆದ ಡಬ್ಬಿಯ ಮಣ್ಣು ತೊಳೆದು, ಒಣಗಿಸಿ, ಒಣ ಕಸಕ್ಕೆ ಕೊಡಿ. ಮಣ್ಣು ಮೆತ್ತಿದ್ದನ್ನು, ಬಣ್ಣ ಬಳಿದದ್ದನ್ನು ಗುಜರಿಯವರು ಮುಟ್ಟುವುದಿಲ್ಲ. ತುಮಕೂರಿನವರಿಗೆ ಗೋಣಿತಾಟನ್ನು ಹುರಿಯಿಂದ ಕಟ್ಟಿ ಎಂದದ್ದು, ಫೆವಿಕಾಲ್ ಹಾಕಿ ಅಂಟಿಸಿ ಎನ್ನದೇ ಇದ್ದದ್ದು, ಇದಕ್ಕೂ ಹೌದು.